ಚೊಚ್ಚಲ ಬಸಿರಿಗೇ ಯಾಕೆ ಬಿಪಿ ಕಾಟ?

ಮಲ್ಲೇಶ್ವರದಲ್ಲಿ ನಮ್ಮ ಅಕ್ಕನ ಮಗಳ ಸೀಮಂತ. ಬಳೆ ತೊಡಿಸಲು ಕೂತರೆ ಗೆಣ್ಣು ದಾಟುತ್ತಲೇ ಇಲ್ಲ. ‘ಬಸುರಿಗೆ ಕೈಕಾಲು ಊದೋದು ಇದ್ದದ್ದೇ’ ಅಂದರು ಯಾರೋ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮಾರನೇ ದಿನದ ತಪಾಸಣೆಯಲ್ಲಿ ಅವಳ ಬಿಪಿ 150/100, ಮೂತ್ರದಲ್ಲಿ ಪ್ರೋಟೀನು. ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಕಿಡ್ನಿಯಂಥ ಅಂಗಗಳನ್ನೂ ಕೆಡಿಸುವ ಕಾಯಿಲೆ. ‘ಮೂರು ಹೆತ್ತ ಅಮ್ಮನಿಗೆ ಬರದ್ದು ನಂಗ್ಯಾಕೆ?’ ಅಂತ ಅತ್ತಳು.

ಮೊದಲ ಬಸಿರಿನಲ್ಲಿ ಇದರ ಅಪಾಯ ಸುಮಾರು ಎರಡು–ಮೂರು ಪಟ್ಟು ಜಾಸ್ತಿ. ತಾಯಿ ಮಾಡಿದ ತಪ್ಪು ಇದರಲ್ಲಿ ಏನೂ ಇಲ್ಲ.

ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಮಾಸಿನ (ಪ್ಲಸೆಂಟಾ) ಜೀವಕಣಗಳು ಅವುಗಳೊಳಗೆ ಇಳಿದು, ಬಿಗಿಯಾದ ಸ್ನಾಯುವನ್ನು ಸಡಿಲಿಸಿ, ಬಾಯಿ ಅಗಲ ಮಾಡಬೇಕು. ಆಗ ರಕ್ತ ಮೆಲ್ಲಗೆ, ಧಾರಾಳವಾಗಿ ಹರಿಯುತ್ತದೆ. ಅಗಲವಾಗದಿದ್ದರೆ? ಗಿಡಕ್ಕೆ ನೀರು ಬಿಡುವಾಗ ಪೈಪಿನ ತುದಿ ಹಿಸುಕಿ ನೋಡಿ. ನೀರು ರಭಸದಿಂದ ಚಿಮ್ಮಿ ಮಣ್ಣು ಕೆದರುತ್ತದೆ ಅಲ್ವಾ? ಮಾಸಿಗೂ ಅದೇ ಪೆಟ್ಟು. ನರಳುವ ಮಾಸು ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಸುರಿಯುತ್ತದೆ. ಅವು ಮೈಯೆಲ್ಲದ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಬಿಪಿ ಏರುತ್ತದೆ, ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನು ಸೋರುತ್ತದೆ.

ಚೊಚ್ಚಲಿಗೇ ಇದು ಹೆಚ್ಚು ಯಾಕೆ? ಮಾಸಿನ ಜೀನುಗಳಲ್ಲಿ ಅರ್ಧ ಅಪ್ಪನವು. ತಾಯಿಯ ರೋಗನಿರೋಧಕ ಕಣಗಳಿಗೆ ಅದು ಹೊಸ ಮುಖ. ಅವುಗಳಲ್ಲಿ ‘ನ್ಯಾಚುರಲ್ ಕಿಲ್ಲರ್’ ಎಂಬ ಕಣಗಳಿವೆ. ಹೆಸರು ಕೇಳಿ ಹೆದರಬೇಡಿ, ಗರ್ಭಕೋಶದಲ್ಲಿ ಅವು ರಕ್ತನಾಳ ಅಗಲವಾಗಲು ಕೈಜೋಡಿಸುತ್ತವೆ. ಒಮ್ಮೆ ಬಸಿರಾದವರಲ್ಲಿ ಇವು ಹಳೆಯ ಪಾಠ ನೆನಪಿಟ್ಟುಕೊಂಡು ಚೆನ್ನಾಗಿ ಕೆಲಸ ಮಾಡುತ್ತವೆ ಅಂತ 2018ರ ಅಧ್ಯಯನವೊಂದು ತೋರಿಸಿತು. ಚೊಚ್ಚಲಿಗೆ ಆ ನೆನಪು ಎಲ್ಲಿಂದ ಬರಬೇಕು?

ಆ ನೆನಪು ಅಳಿಸಿಹೋಗಲೂಬಹುದು. 2002ರ ನಾರ್ವೆಯ ಅಧ್ಯಯನದಲ್ಲಿ, ಹತ್ತು ವರ್ಷ ಅಥವಾ ಹೆಚ್ಚು ಬಿಟ್ಟು ಮತ್ತೆ ಹೆತ್ತವರ ಅಪಾಯ ಚೊಚ್ಚಲಿನವರಷ್ಟೇ ಇತ್ತು. ಮೊದಲ ಸಲ ಪ್ರೀಎಕ್ಲಾಂಪ್ಸಿಯಾ ಬಂದವರಿಗಂತೂ ಎರಡನೇ ಬಸಿರು ಸುರಕ್ಷಿತ ಅಂತ ಸುಮ್ನೆ ಕೂರುವಂತಿಲ್ಲ. ಅಂಥವರಿಗೆ ಡಾಕ್ಟರು 16 ವಾರದೊಳಗೇ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡುವುದುಂಟು. ತಾವೇ ತಂದು ನುಂಗುವ ಮಾತ್ರೆ ಅಲ್ಲ ಅದು.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಯ ಕೆಳಗೆ ನೋವು, ಇವು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಎಷ್ಟೋ ಜನರಿಗೆ ಯಾವ ಸುಳಿವೂ ಇರುವುದಿಲ್ಲ. ಅದಕ್ಕೇ ಪ್ರತಿ ತಪಾಸಣೆಯಲ್ಲೂ ತೋಳಿಗೆ ಆ ಪಟ್ಟಿ ಸುತ್ತುವುದು, ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುವುದು.

ನಮ್ಮ ಹುಡುಗಿಗೆ 37ನೇ ವಾರ ಹೆರಿಗೆ ಮಾಡಿಸಿದರು. ಮಾಸು ಹೊರಬಂದ ಮೇಲೂ ಕೆಲವು ವಾರ ಕಾಯಿಲೆ ತಲೆ ಎತ್ತಬಹುದು. ಹಾಗಾಗಿ ಬಾಣಂತನಕ್ಕೆ ತವರಿಗೆ ಹೊರಟಾಗ ತೊಟ್ಟಿಲಿನ ಜೊತೆ ಬಿಪಿ ಮಿಷನ್ನೂ ಕಾರು ಹತ್ತಿತು.