ವೆಲ್‌ಫೇರ್ ಸ್ಟೇಟ್ ಅಂದರೆ ಏನು? ಯುರೋಪಿನ ಏರ್ಪಾಡು ಅಮೆರಿಕದಲ್ಲಿ ನಡೆಯುತ್ತಾ?

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಈ ಜಗಳ ತಪ್ಪಿದ್ದಲ್ಲ. "ಡೆನ್ಮಾರ್ಕ್ ನೋಡಿ, ಸ್ವೀಡನ್ ನೋಡಿ" ಎಂದು ಒಂದು ಕಡೆಯವರು. "ಅದೆಲ್ಲ ಸೋಷಿಯಲಿಸಂ, ನಮ್ಮಲ್ಲಿ ನಡೆಯಲ್ಲ" ಎಂದು ಇನ್ನೊಂದು ಕಡೆಯವರು. ಇಬ್ಬರ ಬಾಯಲ್ಲೂ ವೆಲ್‌ಫೇರ್ ಎಂಬ ಪದವೇ ಇರುತ್ತದೆ, ಆದರೆ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತಾರೆ.

ಸಾಮಾನ್ಯ ಅಮೆರಿಕನ್ನರ ಮಾತಿನಲ್ಲಿ ವೆಲ್‌ಫೇರ್ ಅಂದರೆ ಬಡವರಿಗೆ ಸರ್ಕಾರ ಕೊಡುವ ದುಡ್ಡು. ಅದರಲ್ಲಿ ಸ್ವಲ್ಪ ತಾತ್ಸಾರವೂ ಬೆರೆತಿದೆ. "ದುಡಿಯದೆ ತಿನ್ನುವವರು" ಎಂಬ ಧಾಟಿ. 1996ರಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಬಡ ಕುಟುಂಬಗಳಿಗೆ ಕೇಂದ್ರದ ಹಣದಿಂದ ಸಿಗುವ ನಗದು ನೆರವನ್ನು ಸಾಮಾನ್ಯವಾಗಿ ಜೀವಮಾನದಲ್ಲಿ ಐದೇ ವರ್ಷ ಎಂದು ಕಟ್ಟುಹಾಕಿತು.

ಯುರೋಪಿನವರು ಹೇಳುವ ವೆಲ್‌ಫೇರ್ ಸ್ಟೇಟ್, ಅಂದರೆ ನಮ್ಮ ಪಠ್ಯಪುಸ್ತಕದ ಕಲ್ಯಾಣ ರಾಜ್ಯ, ಇದಕ್ಕಿಂತ ತುಂಬಾ ದೊಡ್ಡದು. ಕಾಯಿಲೆ ಬೀಳುವುದು, ಮುಪ್ಪು, ಕೆಲಸ ಹೋಗುವುದು, ಮಗು ಹುಟ್ಟುವುದು. ಇವು ಬಡವ ಬಲ್ಲಿದ ಎನ್ನದೆ ಯಾರ ಮನೆಗೂ ಬರಬಹುದು. ಇವುಗಳ ಖರ್ಚನ್ನು ಊರಿನವರೆಲ್ಲ ಸೇರಿ ಹೊರುವ ಏರ್ಪಾಡೇ ವೆಲ್‌ಫೇರ್ ಸ್ಟೇಟ್. ಬಡವರಿಗೆ ನೆರವು ಅದರ ಒಂದು ಭಾಗ ಅಷ್ಟೇ.

ಇದನ್ನು ಶುರು ಮಾಡಿದ್ದು ಸೋಷಿಯಲಿಸ್ಟರಲ್ಲ, ಅವರನ್ನು ಕಂಡರಾಗದ ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್. ಕಾರ್ಮಿಕರು ಎಡಪಕ್ಷದ ಕಡೆ ವಾಲದಂತೆ ನೋಡಿಕೊಳ್ಳಬೇಕಿತ್ತು. 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ ತಂದ. ಪಿಂಚಣಿಗೆ ವಯಸ್ಸು 70 ಆಗಬೇಕಿತ್ತು. ಆಗ ಅಷ್ಟು ವರ್ಷ ಬದುಕುವವರೇ ಕಡಿಮೆ, ಲೆಕ್ಕದಲ್ಲಿ ಗಟ್ಟಿಗ! ಅವನ ಆರೋಗ್ಯ ವಿಮೆಯಲ್ಲಿ ಕಾರ್ಮಿಕನ ಸಂಬಳದಿಂದ ಒಂದು ಪಾಲು, ಮಾಲೀಕನಿಂದ ಒಂದು ಪಾಲು. ಇಎಸ್‌ಐ ಕಾರ್ಡ್ ಇರುವವರಿಗೆ ಇದು ಹೊಸದಲ್ಲ. ನಮ್ಮಲ್ಲಿ ನೌಕರನಿಂದ ಶೇ. 0.75, ಮಾಲೀಕನಿಂದ ಶೇ. 3.25 ಹೋಗುವುದು ಅದೇ ಅಚ್ಚಿನಲ್ಲಿ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಯುದ್ಧದ ನಡುವೆ, 1942ರಲ್ಲಿ, ವಿಲಿಯಂ ಬೆವರಿಜ್ ಸಾಮಾಜಿಕ ಭದ್ರತೆಯ ಬಗ್ಗೆ ಒಂದು ವರದಿ ಕೊಟ್ಟರು. ಅದರ ಬೆನ್ನಿಗೆ 1948ರ ಜುಲೈ 5ರಂದು ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಶುರುವಾಯಿತು. ಅಲ್ಲಿ ಆಸ್ಪತ್ರೆಯೇ ಸರ್ಕಾರದ್ದು, ಖರ್ಚು ಮುಖ್ಯವಾಗಿ ತೆರಿಗೆಯಿಂದ. ಸ್ವೀಡನ್, ಡೆನ್ಮಾರ್ಕ್ ಇನ್ನೂ ಮುಂದೆ ಹೋದವು. ಸ್ವೀಡನ್‌ನಲ್ಲಿ ಒಂದು ಮಗುವಿಗೆ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನ ಭತ್ಯೆಯ ರಜೆ, ಅದರಲ್ಲಿ 90 ದಿನ ತಂದೆಗೆಂದೇ ಮೀಸಲು. ಅವನು ತಗೊಳ್ಳದಿದ್ದರೆ ಆ ದಿನಗಳು ಹೋದ ಹಾಗೆ. ಅಮೆರಿಕದ 1993ರ ಕೇಂದ್ರ ಕಾನೂನಿನಲ್ಲಿ ಇರುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ 50 ಮತ್ತು ಹೆಚ್ಚು ನೌಕರರಿರುವ ಕಂಪನಿಯಲ್ಲಿದ್ದರೆ. ಹಾಗಾಗಿ "ಯುರೋಪಿನ ಮಾದರಿ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಕಷ್ಟ. ಅದರೊಳಗೇ ಮೂರ್ನಾಲ್ಕು ಬಗೆ ಇವೆ.

ಸರಿ, ಇದು ಅಮೆರಿಕದಲ್ಲಿ ನಡೆಯುತ್ತಾ? ಒಂದು ಮಟ್ಟಿಗೆ ಈಗಾಗಲೇ ನಡೆಯುತ್ತಿದೆ. 1935ರ ಆಗಸ್ಟ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸೋಷಿಯಲ್ ಸೆಕ್ಯುರಿಟಿ, ಅಂದರೆ ಮುಖ್ಯವಾಗಿ ವೃದ್ಧಾಪ್ಯ ಪಿಂಚಣಿಯ, ಕಾನೂನಿಗೆ ಸಹಿ ಹಾಕಿದರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ತಂದರು. 65 ದಾಟಿದ ಅಮೆರಿಕನ್ನರು ಬದುಕುತ್ತಿರುವುದು ಬಹುಮಟ್ಟಿಗೆ ಯುರೋಪಿನ ತರಹದ ವ್ಯವಸ್ಥೆಯಲ್ಲೇ. ತಿಂಗಳ ಪಿಂಚಣಿ ಬರುತ್ತದೆ, ಸರ್ಕಾರದ ಆರೋಗ್ಯ ವಿಮೆ ಇದೆ, ಮತ್ತು ಯಾವ ಪಕ್ಷದವರೂ ಅದಕ್ಕೆ ಕೈ ಹಾಕುವ ಧೈರ್ಯ ಮಾಡುವುದಿಲ್ಲ. "ಅಮೆರಿಕ ತುಂಬಾ ದೊಡ್ಡ ದೇಶ, ಇಂಥವೆಲ್ಲ ಸಣ್ಣ ದೇಶಕ್ಕೆ ಸರಿ" ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಮೆಡಿಕೇರ್‌ನಲ್ಲಿರುವವರೇ 6 ಕೋಟಿಗೂ ಜಾಸ್ತಿ.

ತಮಾಷೆ ಏನೆಂದರೆ, ತಾವು ಅದರಲ್ಲಿ ಇದ್ದೇವೆ ಎನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಸುಜಾನ್ ಮೆಟ್ಲರ್ ಎಂಬ ರಾಜ್ಯಶಾಸ್ತ್ರಜ್ಞೆ 2008ರ ಒಂದು ಸಮೀಕ್ಷೆಯ ಉತ್ತರಗಳನ್ನು ತಾಳೆ ಹಾಕಿದರು. "ನಾನು ಯಾವ ಸರ್ಕಾರಿ ಯೋಜನೆಯನ್ನೂ ಬಳಸಿಲ್ಲ" ಎಂದವರಲ್ಲಿ ಮೆಡಿಕೇರ್ ಕಾರ್ಡ್ ಇದ್ದವರೇ ಬೇಕಾದಷ್ಟು. ಮೆಡಿಕೇರ್ ಪಡೆಯುವವರಲ್ಲಿ ಸುಮಾರು ಶೇ. 40 ಜನ ಹಾಗೆ ಹೇಳಿದ್ದರು. ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆಯುವವರಲ್ಲಿ ಶೇ. 60.

ಇನ್ನು ದುಡಿಯುವ ವಯಸ್ಸಿನವರ ವಿಷಯ. ಇಲ್ಲಿ ಅಮೆರಿಕದ ದಾರಿ ನಿಜಕ್ಕೂ ಬೇರೆ, ಮತ್ತು ಅದು ಹಾಗಾದದ್ದು ಸ್ವಲ್ಪ ಆಕಸ್ಮಿಕವಾಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಸದಂತೆ ಕಟ್ಟುಹಾಕಿತ್ತು. ಕೆಲಸಗಾರರೋ ಸಿಗುತ್ತಿರಲಿಲ್ಲ. ಸಂಬಳದ ಬದಲು ಆರೋಗ್ಯ ವಿಮೆ ಕೊಡುತ್ತೇವೆ ಬನ್ನಿ ಎಂದು ಕಂಪನಿಗಳು ಕರೆದವು. ಆ ವಿಮೆಗೆ ತೆರಿಗೆ ಇಲ್ಲ ಎಂದು 1954ರ ಕಾನೂನು ಖಾಯಂ ಮಾಡಿತು. ಅಲ್ಲಿಂದ ಆರೋಗ್ಯ ಅನ್ನುವುದು ಕೆಲಸಕ್ಕೆ ಅಂಟಿಕೊಂಡುಬಿಟ್ಟಿತು.

ಎರಡು ಪೇ ಸ್ಲಿಪ್ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಬೆಂಗಳೂರಿನಿಂದ ಹೋದ ಒಬ್ಬ ಎಂಜಿನಿಯರ್ ಮ್ಯೂನಿಕ್‌ನಲ್ಲಿದ್ದಾರೆ, ಇನ್ನೊಬ್ಬರು ಡಲ್ಲಾಸ್‌ನಲ್ಲಿದ್ದಾರೆ ಎಂದುಕೊಳ್ಳಿ. ಮ್ಯೂನಿಕ್‌ನವರ ಸ್ಲಿಪ್‌ನಲ್ಲಿ ಪಿಂಚಣಿಗೆ ಶೇ. 9.3, ಆರೋಗ್ಯಕ್ಕೆ ಶೇ. 7.3 ಮತ್ತು ಮೇಲೊಂದಿಷ್ಟು, ನಿರುದ್ಯೋಗ ವಿಮೆಗೆ ಶೇ. 1.3, ಮುಪ್ಪಿನ ಆರೈಕೆ ವಿಮೆಗೆ ಇನ್ನಷ್ಟು ಕಟ್ ಆಗಿರುತ್ತದೆ. ಒಂದು ಮಿತಿಯ ಸಂಬಳದವರೆಗೆ ಸುಮಾರು ಐದನೇ ಒಂದು ಭಾಗ ಇದಕ್ಕೇ ಹೋಯಿತು, ಆದಾಯ ತೆರಿಗೆ ಬೇರೆ. ಮಾಲೀಕನೂ ಹೆಚ್ಚುಕಡಿಮೆ ಅಷ್ಟೇ ಕಟ್ಟುತ್ತಾನೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಡಲ್ಲಾಸ್‌ನವರ ಸ್ಲಿಪ್‌ನಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ಶೇ. 6.2, ಮೆಡಿಕೇರ್‌ಗೆ ಶೇ. 1.45. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಆಹಾ, ಎಷ್ಟು ಉಳಿಯಿತು ಅನ್ನಿಸುತ್ತದೆ ಅಲ್ವಾ? ಆದರೆ ಕೆಳಗೆ ಆರೋಗ್ಯ ವಿಮೆಯ ಸಾಲು ನೋಡಿ. 2024ರಲ್ಲಿ ಕಂಪನಿಗಳ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್. ನೌಕರನ ಸಂಬಳದಿಂದ ಕಟ್ ಆಗುವುದು 6,296. ಉಳಿದ 19,000 ಚಿಲ್ಲರೆ ಕಂಪನಿ ಕಟ್ಟುತ್ತದೆ, ಅದು ಪೇ ಸ್ಲಿಪ್‌ನಲ್ಲಿ ಕಣ್ಣಿಗೆ ಬೀಳುವುದೇ ಕಡಿಮೆ. ಅರ್ಥಶಾಸ್ತ್ರಜ್ಞರನ್ನು ಕೇಳಿ, ಅದೂ ನೌಕರನ ದುಡ್ಡೇ, ಸಂಬಳವಾಗಿ ಬರಬೇಕಾದದ್ದು ಎನ್ನುತ್ತಾರೆ. ಇಷ್ಟಾದ ಮೇಲೆ ಡಿಡಕ್ಟಿಬಲ್, ಅಂದರೆ ವಿಮೆ ಕೈ ಹಿಡಿಯುವ ಮುಂಚೆ ನಾವೇ ಜೇಬಿನಿಂದ ಕೊಡಬೇಕಾದ ಮೊತ್ತ. ಕೆಲಸ ಹೋದರೆ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು, ಆದರೆ ಪೂರ್ತಿ ಪ್ರೀಮಿಯಂ ಮತ್ತು ಮೇಲೆ ಶೇ. 2ರವರೆಗೆ ನಾವೇ ಕಟ್ಟಬೇಕು. ಆ ಸೌಲಭ್ಯದ ಹೆಸರು ಕೋಬ್ರಾ. ಬಿಲ್ ನೋಡಿದವರಿಗೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ದುಡಿಮೆಯ ಲೆಕ್ಕ ಬೇಕು. ಒಂದು ದೇಶದಲ್ಲಿ ದುಡಿದ ವರ್ಷಗಳನ್ನು ಇನ್ನೊಂದರಲ್ಲೂ ಎಣಿಸುವಂಥ ಒಪ್ಪಂದ ಭಾರತಕ್ಕೆ ಜರ್ಮನಿ, ಡೆನ್ಮಾರ್ಕ್, ಸ್ವೀಡನ್ ಜೊತೆ ಇದೆ, ಅಮೆರಿಕದ ಜೊತೆ ಆಗಿಲ್ಲ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಆರೇಳು ವರ್ಷ ದುಡಿದು ಊರಿಗೆ ವಾಪಸ್ ಬಂದವರು ಕಟ್ಟಿದ ಶೇ. 6.2 ಅಲ್ಲೇ ಉಳಿಯುತ್ತದೆ. ಅಮೆರಿಕದ ಅಜ್ಜ ಅಜ್ಜಿಯರ ಪಿಂಚಣಿಯಲ್ಲಿ ಕನ್ನಡಿಗರ ದುಡ್ಡೂ ಸ್ವಲ್ಪ ಇದೆ ಎನ್ನಿ.

ಹಾಗಾಗಿ ಅಮೆರಿಕ ಖರ್ಚು ಮಾಡುತ್ತಿಲ್ಲ ಎನ್ನುವಂತಿಲ್ಲ. ದೇಶದ ಒಟ್ಟು ಉತ್ಪನ್ನದ ಸುಮಾರು ಶೇ. 17 ಆರೋಗ್ಯಕ್ಕೇ ಹೋಗುತ್ತದೆ. ಜರ್ಮನಿಯಲ್ಲಿ ಅದು ಶೇ. 12ರ ಆಸುಪಾಸು, ಅಷ್ಟರಲ್ಲೇ ಹೆಚ್ಚುಕಡಿಮೆ ಎಲ್ಲರಿಗೂ ವಿಮೆ. ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನ ಯಾವ ವಿಮೆಯೂ ಇಲ್ಲದೆ ಇದ್ದಾರೆ.

ನನ್ನ ಪ್ರಕಾರ ನಿಜವಾದ ತೊಡಕು ಇರುವುದು ಬಿಲ್ ಯಾರ ಕೈಗೆ ಹೋಗುತ್ತದೆ ಎನ್ನುವಲ್ಲಿ. ಯುರೋಪಿನಲ್ಲಿ ಇದೆಲ್ಲ ಶ್ರೀಮಂತರ ದುಡ್ಡಿನಿಂದ ನಡೆಯುತ್ತದೆ ಎಂದು ಅಮೆರಿಕದ ಎಡಪಂಥದವರಲ್ಲಿ ಒಂದು ನಂಬಿಕೆ ಇದೆ. ನಡೆಯುವುದು ಹಾಗಲ್ಲ. ಸ್ವೀಡನ್ ಮತ್ತು ಡೆನ್ಮಾರ್ಕ್‌ನಲ್ಲಿ ವ್ಯಾಟ್ ಸಾಮಾನ್ಯ ದರ ಶೇ. 25. ನಮ್ಮ ಜಿಎಸ್‌ಟಿಯ ಜಾತಿಯದೇ ಅದು, ಬಡವನೂ ಕಟ್ಟಬೇಕು. ಡೆನ್ಮಾರ್ಕ್‌ನಲ್ಲಿ ಪೆಟ್ರೋಲ್ ಕಾರು ಕೊಂಡರೆ ಬೆಲೆಯಲ್ಲಿ ಒಂದು ಮಿತಿ ದಾಟಿದ ಭಾಗಕ್ಕೆ ಶೇ. 150 ನೋಂದಣಿ ತೆರಿಗೆ. ಸ್ವೀಡನ್ ಅಂತೂ ಪಿತ್ರಾರ್ಜಿತ ಆಸ್ತಿಯ ತೆರಿಗೆಯನ್ನೂ, 2007ರಲ್ಲಿ ಸಂಪತ್ತಿನ ತೆರಿಗೆಯನ್ನೂ ತೆಗೆದೇ ಹಾಕಿದೆ. ಅಲ್ಲಿ ಗಾಡಿ ಎಳೆಯುವುದು ಮಧ್ಯಮ ವರ್ಗ. ಅಮೆರಿಕದಲ್ಲಿ ಕೇಂದ್ರದ ವ್ಯಾಟ್ ಎಂಬುದೇ ಇಲ್ಲ. ಕೇಂದ್ರದ ಆದಾಯ ತೆರಿಗೆಯಲ್ಲಿ ಸುಮಾರು ಶೇ. 40 ಬರುವುದು ಮೇಲಿನ ಶೇ. 1 ಜನರಿಂದ. ನೂರರಲ್ಲಿ ಆ ಒಬ್ಬರ ಬೆನ್ನಿನ ಮೇಲೆ ಸ್ವೀಡನ್ ಕಟ್ಟಲು ಆಗುವುದಿಲ್ಲ.

ವರ್ಮಾಂಟ್ ಇದನ್ನು ಮಾಡಿ ನೋಡಿತು. ಅದು ಆರೂ ಚಿಲ್ಲರೆ ಲಕ್ಷ ಜನರ ರಾಜ್ಯ, ಹುಬ್ಬಳ್ಳಿ-ಧಾರವಾಡಕ್ಕಿಂತ ಚಿಕ್ಕದು. "ಡೆನ್ಮಾರ್ಕ್ ನೋಡಿ" ಎನ್ನುವ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ರಾಜ್ಯ ಬೇರೆ. ಎಲ್ಲರಿಗೂ ಸರ್ಕಾರದ್ದೇ ಒಂದು ವಿಮೆ ಎಂದು 2011ರಲ್ಲಿ ಕಾನೂನು ಮಾಡಿದರು. ಗವರ್ನರ್ ಪೀಟರ್ ಷಮ್ಲಿನ್ ಗೆದ್ದು ಬಂದದ್ದೇ ಆ ಭರವಸೆಯ ಮೇಲೆ. ದುಡ್ಡು ಎಲ್ಲಿಂದ ಎನ್ನುವ ಲೆಕ್ಕ ಆಮೇಲೆ ಹಾಕೋಣ ಎಂದಿದ್ದರು. ಲೆಕ್ಕ 2014ರ ಡಿಸೆಂಬರ್‌ನಲ್ಲಿ ಕೈಗೆ ಬಂತು. ಮಾಲೀಕರ ಮೇಲೆ ಸಂಬಳದ ಶೇ. 11.5 ತೆರಿಗೆ, ಕುಟುಂಬಗಳ ಆದಾಯದ ಮೇಲೆ ಶೇ. 9.5ರವರೆಗೆ ಇನ್ನೊಂದು. ಷಮ್ಲಿನ್ ಕೈ ಚೆಲ್ಲಿದರು. ಆ ತೆರಿಗೆ ಬಂದಿದ್ದರೆ ಜನ ಕಟ್ಟುತ್ತಿದ್ದ ಪ್ರೀಮಿಯಂ ನಿಂತುಹೋಗುತ್ತಿತ್ತು ನಿಜ. ಹಲವರಿಗೆ ಲಾಭವೂ ಆಗುತ್ತಿತ್ತು. ಆದರೆ ಪ್ರೀಮಿಯಂ ಕಣ್ಣಿಗೆ ಕಾಣದೆ ಹೋಗುತ್ತದೆ, ತೆರಿಗೆ ಕಾಣುತ್ತದೆ. ಕಂಪನಿಯಲ್ಲಿ ಒಳ್ಳೆಯ ವಿಮೆ ಇರುವವನಿಗೆ "ಅದು ಬಿಡು, ಇದು ಹಿಡಿ" ಎಂದರೆ ಅವನು ಯಾಕೆ ನಂಬಬೇಕು?

ಇದಕ್ಕಿಂತ ಮೋಜಿನ ಪ್ರಸಂಗ ಷಿಕಾಗೋದಲ್ಲಿ ನಡೆದದ್ದು. ದೊಡ್ಡ ಕಾಯಿಲೆಗಳ ಖರ್ಚಿಗೂ ಮೆಡಿಕೇರ್ ಆಗಿಬರಲಿ ಎಂದು 1988ರಲ್ಲಿ ಒಂದು ಕಾನೂನು ಬಂತು. ಖರ್ಚನ್ನು ವಯಸ್ಸಾದವರೇ ಕಟ್ಟಬೇಕಿತ್ತು, ಅನುಕೂಲಸ್ಥರು ವರ್ಷಕ್ಕೆ 800 ಡಾಲರ್‌ವರೆಗೆ. ಮರುವರ್ಷ ಆಗಸ್ಟ್‌ನಲ್ಲಿ ಆ ಕಾನೂನಿನ ಹಿಂದಿದ್ದ ಸಂಸದ ಡ್ಯಾನ್ ರಾಸ್ಟೆಂಕೌಸ್ಕಿ ತಮ್ಮ ಕ್ಷೇತ್ರಕ್ಕೆ ಹೋದಾಗ ಅಜ್ಜ ಅಜ್ಜಿಯರ ಗುಂಪು ಅವರ ಕಾರಿಗೆ ಅಡ್ಡ ನಿಂತಿತು. ಬಾನೆಟ್ ಮೇಲೆ ಬಡಿದರು, ಕೂಗಾಡಿದರು. ಕೊನೆಗೆ ಅವರು ಕಾರಿನಿಂದ ಇಳಿದು ಓಟ ಕಿತ್ತರು. ವರ್ಷ ಮುಗಿಯುವ ಮುಂಚೆ ಕಾಂಗ್ರೆಸ್ ಆ ಕಾನೂನನ್ನು ರದ್ದು ಮಾಡಿತು. ಹೊಸ ತೆರಿಗೆ ಎಂದರೆ ಸಂಸದರು ಹೆದರುವುದು ಸುಮ್ನೆ ಅಲ್ಲ.

ಜನಾಂಗದ ವಿಷಯವನ್ನೂ ಬಿಡುವಂತಿಲ್ಲ. 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನಿನಲ್ಲಿ ಕೃಷಿ ಕೂಲಿಗಳನ್ನು, ಮನೆಗೆಲಸದವರನ್ನು ಹೊರಗಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡುತ್ತಿದ್ದವರಲ್ಲಿ ಕಪ್ಪು ಜನರೇ ಹೆಚ್ಚು. ಒಬಾಮಾ ಕಾಲದ ಕಾನೂನು ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸಿತು, ಬಹುಪಾಲು ಖರ್ಚು ಕೇಂದ್ರದ್ದೇ. ಆದರೂ, ರಾಜ್ಯಗಳು ಬೇಕಿದ್ದರೆ ಮಾತ್ರ ಸೇರಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹತ್ತು ರಾಜ್ಯಗಳು ಇನ್ನೂ ಹೊರಗೇ ಉಳಿದಿವೆ. ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ, ಮಿಸಿಸಿಪ್ಪಿ ಅವುಗಳಲ್ಲಿ ಸೇರಿವೆ. ತನ್ನ ತೆರಿಗೆ "ಅವರಿಗೆ" ಹೋಗುತ್ತದೆ ಎಂಬ ಗುಮಾನಿ ಅಲ್ಲಿ ಹಳೆಯದು. ಆದರೆ ಒಂದೇ ತರಹದ ಜನ ಇದ್ದರೆ ಮಾತ್ರ ವೆಲ್‌ಫೇರ್ ಸ್ಟೇಟ್ ಸಾಧ್ಯ ಎನ್ನುವುದೂ ಅರ್ಧ ಸತ್ಯ. ಈಗ ಸ್ವೀಡನ್‌ನಲ್ಲಿ ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಅಲ್ಲೂ ಜಗಳ ಇದೆ, ಆದರೆ ಏರ್ಪಾಡು ಮುರಿದುಬಿದ್ದಿಲ್ಲ.

ಕೊಟ್ಟರೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅಮೆರಿಕದ್ದೇ ಪುರಾವೆ ಇದೆ. ಕೊರೊನಾ ಕಾಲದಲ್ಲಿ, 2021ರ ಜುಲೈನಿಂದ ಡಿಸೆಂಬರ್‌ವರೆಗೆ, ಬಹುತೇಕ ಕುಟುಂಬಗಳಿಗೆ ಮಗುವೊಂದಕ್ಕೆ ತಿಂಗಳಿಗೆ 250ರಿಂದ 300 ಡಾಲರ್ ನೇರವಾಗಿ ಬ್ಯಾಂಕಿಗೆ ಹಾಕಿದರು. ಹೆಚ್ಚುಕಡಿಮೆ ಯುರೋಪಿನ ಮಕ್ಕಳ ಭತ್ಯೆಯೇ. ನೆರವುಗಳನ್ನೂ ಸೇರಿಸಿ ಲೆಕ್ಕ ಹಾಕುವ ಸೆನ್ಸಸ್ ಬ್ಯೂರೋ ಅಳತೆಯಲ್ಲಿ ಆ ವರ್ಷ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಆ ಯೋಜನೆಯನ್ನು ಮುಂದುವರಿಸಲಿಲ್ಲ, ಇತರ ಕೊರೊನಾ ನೆರವುಗಳೂ ನಿಂತವು. 2022ರಲ್ಲಿ ಅದೇ ಸಂಖ್ಯೆ ಶೇ. 12.4. ಕೆಲವೇ ತಿಂಗಳಲ್ಲಿ ಇಂಥ ವ್ಯವಸ್ಥೆ ಕಟ್ಟಲು ಆಯಿತು ಎಂದ ಮೇಲೆ ಆಡಳಿತದ ಕೈಲಿ ಆಗದು ಎನ್ನುವ ನೆಪ ಉಳಿಯುವುದಿಲ್ಲ. ಆದರೆ ಆ ಹಣಕ್ಕೆ ಖಾಯಂ ಮೂಲ ಯಾವುದು ಎನ್ನುವ ಪ್ರಶ್ನೆಗೆ ಆಗಲೂ ಉತ್ತರ ಇರಲಿಲ್ಲ.

ಉತ್ತರ ಸಿಗುವುದಾದರೆ ವಾಷಿಂಗ್ಟನ್ ಡಿ.ಸಿ.ಗಿಂತ ಮೊದಲು ರಾಜ್ಯಗಳಲ್ಲಿ ಸಿಗಬಹುದು ಎಂದು ನನಗನ್ನಿಸುತ್ತದೆ. ಸಿಯಾಟಲ್ ಕಡೆಯ ನಮ್ಮ ಸಾಫ್ಟ್‌ವೇರ್ ಮಂದಿಗೆ ಡಬ್ಲ್ಯುಎ ಕೇರ್ಸ್ ಗೊತ್ತಿರುತ್ತದೆ. ಮುಪ್ಪಿನಲ್ಲಿ ಸ್ನಾನ, ಊಟ, ಓಡಾಟಕ್ಕೆ ಒಬ್ಬರ ಆಸರೆ ಬೇಕಾದಾಗ ಅದರ ಖರ್ಚಿಗೆಂದು ವಾಷಿಂಗ್ಟನ್ ರಾಜ್ಯ ಮಾಡಿದ ವಿಮೆ ಅದು. ಜರ್ಮನಿ 1995ರಲ್ಲಿ ತಂದ ಆರೈಕೆ ವಿಮೆಯ ಜಾತಿಯದೇ. ಸಂಬಳದಿಂದ ಶೇ. 0.58 ಕಡಿತ, ಬಡವ ಶ್ರೀಮಂತ ಎನ್ನದೆ ಒಂದೇ ದರ. ಸಿಗುವುದು ಜೀವಮಾನಕ್ಕೆ 36,500 ಡಾಲರ್‌ವರೆಗೆ. 2021ರಲ್ಲಿ, ಖಾಸಗಿ ವಿಮೆ ಇದ್ದವರು ಇದರಿಂದ ಹೊರಗುಳಿಯಬಹುದು ಎಂದಾಗ ಒಳ್ಳೆ ಸಂಬಳದವರು ಮುಗಿಬಿದ್ದು ಪಾಲಿಸಿ ಕೊಂಡರು. ನೂಕುನುಗ್ಗಲು ನೋಡಿ ಕೆಲವು ವಿಮಾ ಕಂಪನಿಗಳು ಮಾರುವುದನ್ನೇ ನಿಲ್ಲಿಸಿದವು. 2023ರ ಜುಲೈನಲ್ಲಿ ಕಡಿತ ಶುರುವಾಯಿತು. 2024ರ ನವೆಂಬರ್‌ನಲ್ಲಿ, ಬೇಕಾದವರು ಮಾತ್ರ ಕಟ್ಟಲಿ ಎನ್ನುವ ಪ್ರಸ್ತಾವ ಮತದಾರರ ಮುಂದೆ ಬಂತು. ಅದು ಪಾಸಾಗಿದ್ದರೆ ಯೋಜನೆಯ ಕಥೆ ಮುಗಿದಂತೆಯೇ. ಅರ್ಧಕ್ಕಿಂತ ಹೆಚ್ಚು ಜನ ಬೇಡ ಎಂದರು, ಕಡಿತ ಎಲ್ಲರಿಗೂ ಮುಂದುವರಿಯಿತು.