ಕಂಪ್ಯೂಟರ್ ಒಂದೇ, ಬೆಲೆ ಸೂಚ್ಯಂಕ ನಾಲ್ಕು: ಯುರೋಪಿನ ಲೆಕ್ಕ ಓದುವವರಿಗೆ

1990ರ ದಶಕದ ಯುರೋಪಿನ ಅಂಕಿಅಂಶ ತೆರೆದರೆ ಒಂದು ವಿಚಿತ್ರ ಕಾಣುತ್ತದೆ. ಬಹುತೇಕ ಒಂದೇ ಬಗೆಯ ಕಂಪ್ಯೂಟರ್‌ಗಳು ಮಾರಾಟವಾಗುತ್ತಿದ್ದರೂ, ಅವುಗಳ ಬೆಲೆ ಇಳಿದ ವೇಗ ದೇಶದಿಂದ ದೇಶಕ್ಕೆ ಬಹಳ ಬೇರೆ. ಇದಕ್ಕೆ ಮುಖ್ಯ ಕಾರಣ ಮಾರುಕಟ್ಟೆಯಲ್ಲ, ಅಳೆಯುವ ವಿಧಾನ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು ಕಲ್ಪಿತ ಲೆಕ್ಕ ಮಾಡಿ ನೋಡೋಣ. 1000 ಯೂರೋ ಬೆಲೆಯ ಹಳೆಯ ಮಾದರಿ ಅಂಗಡಿಯಿಂದ ಮಾಯವಾಯಿತು; ಅದರ ಜಾಗಕ್ಕೆ ಎರಡರಷ್ಟು ಮೆಮೊರಿ ಇರುವ ಹೊಸದು 1050 ಯೂರೋಗೆ ಬಂತು. ಗುಣಮಟ್ಟದ ಬದಲಾವಣೆಯನ್ನು ಲೆಕ್ಕಿಸದೆ ನೇರವಾಗಿ ಹೋಲಿಸಿದರೆ ಬೆಲೆ ಶೇ 5 ಏರಿದೆ. ವ್ಯತ್ಯಾಸವೆಲ್ಲ ಗುಣಮಟ್ಟದ್ದೇ ಎಂದುಕೊಂಡರೆ ಏರಿಕೆ ಸೊನ್ನೆ. ಹೆಚ್ಚುವರಿ ಮೆಮೊರಿಯನ್ನು ಬೇರೆಯಾಗಿ ಕೊಂಡರೆ 150 ಯೂರೋ ಎಂದಿಟ್ಟುಕೊಂಡು, ಅದರ ಅರ್ಧವನ್ನು ಹಳೆಯ ಬೆಲೆಗೆ ಸೇರಿಸಿದರೆ 1050ನ್ನು 1075ರೊಂದಿಗೆ ಹೋಲಿಸಬೇಕು. ಇಳಿಕೆ ಶೇ 2.3. ನಾಲ್ಕನೆಯದು ಹೆಡೋನಿಕ್ ವಿಧಾನ. ನೂರಾರು ಮಾದರಿಗಳ ಬೆಲೆಯನ್ನು ಪ್ರೊಸೆಸರ್ ವೇಗ, ಮೆಮೊರಿ, ಡಿಸ್ಕ್ ಮೊದಲಾದ ಗುಣಗಳ ಮೇಲೆ ರಿಗ್ರೆಷನ್ ಮಾಡಿ (ಯಾವ ಗುಣ ಬೆಲೆಯನ್ನು ಎಷ್ಟು ಬದಲಿಸುತ್ತದೆ ಎಂದು ಸಂಖ್ಯಾಶಾಸ್ತ್ರದ ಮೂಲಕ ಲೆಕ್ಕಹಾಕಿ) ಪ್ರತಿ ಗುಣದ ಮೌಲ್ಯ ಅಂದಾಜಿಸುತ್ತಾರೆ. ಹೆಚ್ಚುವರಿ ಮೆಮೊರಿಯ ಮೌಲ್ಯ ಪೂರ್ತಿ 150 ಯೂರೋ ಎಂದು ಬಂದರೆ 1050ನ್ನು 1150ಕ್ಕೆ ಹೋಲಿಸುತ್ತೇವೆ. ಇಳಿಕೆ ಶೇ 8.7.

ಅಮೆರಿಕ 1985ರಲ್ಲೇ ತನ್ನ ರಾಷ್ಟ್ರೀಯ ಲೆಕ್ಕಪತ್ರದಲ್ಲಿ ಕಂಪ್ಯೂಟರ್‌ಗಳಿಗೆ ಹೆಡೋನಿಕ್ ಸೂಚ್ಯಂಕ ತಂದಿತು. ಯುರೋಪಿನಲ್ಲಿ ಫ್ರಾನ್ಸ್ ಮುಂಚೂಣಿಯಲ್ಲಿತ್ತು. ಜರ್ಮನಿ ತನ್ನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಪಿಸಿಗಳಿಗೆ ಇದನ್ನು ಅಳವಡಿಸಿದ್ದು 2002ರಲ್ಲಿ. ಹೂಡಿಕೆಯ ನಿಜ ಪ್ರಮಾಣ ತಿಳಿಯಲು ಖರ್ಚಾದ ಹಣವನ್ನು ಬೆಲೆ ಸೂಚ್ಯಂಕದಿಂದ ಭಾಗಿಸುತ್ತಾರೆ; ಸೂಚ್ಯಂಕ ಹೆಚ್ಚು ಇಳಿದಷ್ಟೂ ಪ್ರಮಾಣ ಹೆಚ್ಚು ಏರಿದಂತೆ ಕಾಣುತ್ತದೆ. ಹಾಗಾಗಿ ಅದಕ್ಕೆ ಹಿಂದಿನ ವರ್ಷಗಳ ಜರ್ಮನ್ ಮತ್ತು ಅಮೆರಿಕನ್ ಹೂಡಿಕೆಯ ಬೆಳವಣಿಗೆಯನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಸ್ವಂತ ಸಮೀಕ್ಷೆಯ ಬದಲು ಅಮೆರಿಕದ ಸೂಚ್ಯಂಕವನ್ನೇ ವಿನಿಮಯ ದರದಿಂದ ಹೊಂದಿಸಿ ಬಳಸುವ ದಾರಿಯೂ ಇದೆ. ಇಲ್ಲಿ ಎಚ್ಚರ ಬೇಕು. 1999ರ ಜನವರಿಯಲ್ಲಿ ಸುಮಾರು 1.18 ಡಾಲರ್ ಇದ್ದ ಯೂರೋ 2000ದ ಅಕ್ಟೋಬರ್‌ನಲ್ಲಿ 0.83 ಡಾಲರ್‌ಗೂ ಕೆಳಗೆ ಕುಸಿಯಿತು. ಈ ಕುಸಿತವೊಂದೇ ಯೂರೋ ಲೆಕ್ಕದ ಬೆಲೆಯನ್ನು ಶೇ 40ಕ್ಕೂ ಹೆಚ್ಚು ಮೇಲಕ್ಕೆತ್ತುತ್ತದೆ. ತಂತ್ರಜ್ಞಾನ ತಂದ ಇಳಿಕೆ ಅದರಡಿ ಮುಚ್ಚಿಹೋಗುತ್ತದೆ. ಆದ್ದರಿಂದ, ಕಂಪ್ಯೂಟರ್ ಬೆಲೆಯು ಇತರ ವಸ್ತುಗಳ ಬೆಲೆಗೆ ಹೋಲಿಸಿದರೆ ಎಷ್ಟು ಇಳಿದಿದೆ ಎಂಬ ಅಮೆರಿಕದ ಅನುಪಾತವನ್ನು ಮಾತ್ರ ಎರವಲು ಪಡೆಯುವ ವಿಧಾನ ನನಗೆ ಹೆಚ್ಚು ಒಪ್ಪಿಗೆ.

ಹೆಡೋನಿಕ್ ಬಳಸಿದರೆ ಜಿಡಿಪಿಯೂ ಜಿಗಿಯುತ್ತದೆ ಎಂದು ಅವಸರದಲ್ಲಿ ಬರೆದುಬಿಡಬೇಡಿ. ಕಂಪ್ಯೂಟರ್ ಆಮದಾಗಿದ್ದರೆ ಹೂಡಿಕೆಯ ಪ್ರಮಾಣ ಏರಿದಷ್ಟೇ ಆಮದಿನ ಪ್ರಮಾಣವೂ ಏರುತ್ತದೆ, ಜಿಡಿಪಿಯಲ್ಲಿ ಅದು ಕಳೆದುಹೋಗುತ್ತದೆ. ಐರ್ಲೆಂಡಿನಂತೆ ಆ ಕಾಲದಲ್ಲಿ ಕಂಪ್ಯೂಟರ್ ಜೋಡಿಸಿ ರಫ್ತು ಮಾಡುತ್ತಿದ್ದ ದೇಶಕ್ಕೆ ಈ ಮಾತು ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿ ರಫ್ತಾದ ಕಂಪ್ಯೂಟರ್‌ಗೂ ಅದಕ್ಕಾಗಿ ತರಿಸಿದ ಬಿಡಿಭಾಗಗಳಿಗೂ ಯಾವ ಸೂಚ್ಯಂಕ ಬಳಸಿದ್ದಾರೆ ಎಂದು ಬೇರೆಬೇರೆಯಾಗಿ ನೋಡಬೇಕು.