ಹೈಡ್ರೊ ಅಂದ್ರೆ ನೀರಲ್ಲ: ಟಿಮ್ಮಿನ್ಸ್‌ನಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ

"ಅಕ್ಕ, ಇಲ್ಲಿ ಎಲ್ಲರೂ ಲೀಸ್ ಲೀಸ್ ಅಂತಾರೆ. ಎಷ್ಟು ಲಕ್ಷ ಕೊಡಬೇಕಾಗತ್ತೆ?" ದಾವಣಗೆರೆಯ ಹುಡುಗನೊಬ್ಬ ಕೆನಡಾದ ಟಿಮ್ಮಿನ್ಸ್‌ಗೆ ಬಂದ ವಾರವೇ ಫೋನ್ ಮಾಡಿ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಲೀಸ್ ಅಂದ್ರೆ ಭೋಗ್ಯ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಮನೆ ಬಿಡುವಾಗ ಅಷ್ಟನ್ನೂ ವಾಪಸ್ ತಗೊಳ್ಳೋದು. ಇಲ್ಲಿ ಲೀಸ್ ಅಂದ್ರೆ ಬಾಡಿಗೆ ಕರಾರು, ಅಷ್ಟೇ. ತಿಂಗಳು ತಿಂಗಳು ಬಾಡಿಗೆ ಕಟ್ಟಲೇಬೇಕು.

ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗಕ್ಕೆ ಹೊಸದಾಗಿ ಬಂದವರಿಗೆ ಮನೆ, ಶಾಲೆ, ಡಾಕ್ಟರ್ ಹುಡುಕಲು ನೆರವಾಗುವುದು ನನ್ನ ಕೆಲಸ. ಟಿಮ್ಮಿನ್ಸ್ ಚಿನ್ನದ ಗಣಿಗಳ ಊರು. ಟೊರೊಂಟೊದಿಂದ ಸುಮಾರು 700 ಕಿಲೋಮೀಟರ್ ಉತ್ತರಕ್ಕಿದೆ. 2021ರ ಜನಗಣತಿಯಲ್ಲಿ ಇಲ್ಲಿದ್ದವರು 41 ಸಾವಿರದಷ್ಟು. ಹಳ್ಳಿಗಾಡಿಗೆ ವಲಸೆ ಬರುವವರಿಗಾಗಿ ಕೆನಡಾ ಸರ್ಕಾರ ಶುರುಮಾಡಿದ ಯೋಜನೆಗಳಲ್ಲಿ ಈ ಊರೂ ಇರೋದರಿಂದ ಕನ್ನಡದವರ ಫೋನ್ ಈಗ ಆಗಾಗ ಬರುತ್ತೆ.

ಇಲ್ಲಿ ಮನೆ ಸಿಗುವುದು ಜಾಸ್ತಿ ಬಾಯಿಮಾತಿನಲ್ಲಿ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕಿಜಿಜಿ ಅನ್ನೋ ಜಾಹೀರಾತಿನ ವೆಬ್‌ಸೈಟ್ ಎರಡನ್ನೂ ನೋಡಿ, ಬೇಡ ಅನ್ನಲ್ಲ. ಆದರೆ ಎಷ್ಟೋ ಮನೆ ಅಲ್ಲಿಗೆ ಬರೋದೇ ಇಲ್ಲ. ದಿನಸಿ ಅಂಗಡಿಯ ನೋಟಿಸ್ ಬೋರ್ಡಿನಲ್ಲಿ ಚೀಟಿ ಇರುತ್ತೆ, ಇಲ್ಲಾಂದ್ರೆ ನಿಮ್ಮ ಮ್ಯಾನೇಜರ್ ಅಣ್ಣನ ಮನೆಯ ಮಹಡಿ ಖಾಲಿ ಇರುತ್ತೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮನೆ ಹುಡುಕುತ್ತಿದ್ದೇನೆ ಅಂತ ಎಲ್ಲರಿಗೂ ಹೇಳಿ, ಸಂಕೋಚ ಬೇಡ. ಮನೆ ನೋಡದೆ ಮಾತ್ರ ದುಡ್ಡು ಕಳಿಸಬೇಡಿ. ಇ-ಟ್ರಾನ್ಸ್‌ಫರ್ (ಬ್ಯಾಂಕಿನಿಂದ ಆನ್‌ಲೈನಲ್ಲಿ ಕಳಿಸೋದು) ಮಾಡಿದ ಹಣ ಒಮ್ಮೆ ಆ ಕಡೆ ಸೇರಿದರೆ ವಾಪಸ್ ಬರೋದು ಬಹಳ ಕಷ್ಟ. ನೀವಿನ್ನೂ ಮೈಸೂರಿನಲ್ಲೇ ಇದ್ದರೆ ಮೊದಲ ಎರಡು ವಾರಕ್ಕೆ ಹೋಟೆಲೋ ಪರಿಚಯದವರ ಮನೆಯೋ ಮಾಡಿಕೊಂಡು ಬನ್ನಿ, ಇಲ್ಲಿಗೆ ಬಂದಮೇಲೆ ಕಣ್ಣಾರೆ ನೋಡಿ ಹಿಡಿಯಿರಿ.

ಜಾಹೀರಾತಿನಲ್ಲಿ "ಹೈಡ್ರೊ ಬೇರೆ" ಅಂತ ಇರುತ್ತೆ. ನೀರಿನ ಬಿಲ್ ತಾನೇ, ಎಷ್ಟಾದೀತು ಅಂದುಕೊಂಡು ಒಪ್ಪಿದವರನ್ನು ನಾನು ಕಂಡಿದ್ದೇನೆ. ಒಂಟಾರಿಯೊದಲ್ಲಿ ಹೈಡ್ರೊ ಅಂದ್ರೆ ಕರೆಂಟು. ಗೋಡೆ ಬುಡದಲ್ಲಿ ಉದ್ದಕ್ಕೆ ಕೂರಿಸಿದ ಬೇಸ್‌ಬೋರ್ಡ್ ಹೀಟರ್ ಇರುವ ಮನೆಯಾದರೆ ಮನೆ ಬೆಚ್ಚಗಾಗೋದು ಪೂರ್ತಿ ಕರೆಂಟಿನಿಂದಲೇ, ಹೊರಗೆ ಮೈನಸ್ 30 ಇರುವ ಜನವರಿಯಲ್ಲಿ ಆ ಬಿಲ್ ಎಷ್ಟು ಬರುತ್ತೆ ಅಂತ ನೀವೇ ಯೋಚಿಸಿ. ಬಾಡಿಗೆ ಕಡಿಮೆ ಅಂತ ಖುಷಿಪಡುವ ಮುಂಚೆ, ಹೋದ ಜನವರಿ ಮತ್ತು ಫೆಬ್ರವರಿಯ ಬಿಲ್ ತೋರಿಸಿ ಅಂತ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯಲ್ಲ. ಬಾಡಿಗೆಯಲ್ಲೇ ಹೀಟಿಂಗ್ ಸೇರಿದ್ದರೆ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಮನೆಯೊಳಗೆ ಕನಿಷ್ಠ 20 ಡಿಗ್ರಿ ಇರುವ ಹಾಗೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಕಾರು ತಗೊಳ್ಳುವ ಯೋಚನೆ ಇದ್ದರೆ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಇದೆಯಾ ನೋಡಿ. ಆ ಚಳಿಗೆ ಎಂಜಿನ್ನಿಗೆ ಬ್ಲಾಕ್ ಹೀಟರ್ ಹಾಕಿ ರಾತ್ರಿ ಕರೆಂಟ್ ಕೊಡದಿದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು.

ದುಡ್ಡಿನ ವಿಷಯ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಇಲ್ಲಿ ಎಷ್ಟು ಕೇಳಿದರೂ ಸರಿ ಅನ್ನಿಸಿಬಿಡುತ್ತೆ, ಅದೇ ತೊಂದರೆ. ಒಂಟಾರಿಯೊದಲ್ಲಿ ಮಾಲೀಕರು ಮೊದಲ ತಿಂಗಳ ಬಾಡಿಗೆ ಜೊತೆಗೆ ಕೊನೆಯ ತಿಂಗಳದ್ದನ್ನು ಮಾತ್ರ ಮುಂಗಡ ಕೇಳಬಹುದು. 1,500 ಡಾಲರ್ ಬಾಡಿಗೆಯಾದರೆ ಕೈಯಿಂದ ಹೋಗುವುದು 3,000. ಮನೆ ಹಾಳಾದರೆ ಅಂತ ಬೇರೆ ಡಿಪಾಸಿಟ್ ಕೇಳುವ ಹಾಗಿಲ್ಲ. ಮುಂದಿನ ತಾರೀಖಿನ ಚೆಕ್ ಕೊಡಲೇಬೇಕು ಅಂತ ಹಟ ಹಿಡಿಯುವ ಹಾಗೂ ಇಲ್ಲ. ಇದು ಒಂಟಾರಿಯೊ ಮಾತು. ಬ್ರಿಟಿಷ್ ಕೊಲಂಬಿಯಾದಲ್ಲಿ ಅರ್ಧ ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ತಗೋಬಹುದು. ಹಾಗಾಗಿ ಬೇರೆ ಪ್ರಾಂತ್ಯದ ಗೆಳೆಯರ ಸಲಹೆ ಕೇಳುವಾಗ ಸ್ವಲ್ಪ ಜೋಪಾನ.

ಸಣ್ಣ ಊರಿನಲ್ಲಿ ಕೆಲವು ಮಾಲೀಕರು ಕಾಗದ ಪತ್ರ ಯಾಕೆ, ನಂಬಿಕೆ ಸಾಕಲ್ವಾ ಅಂತಾರೆ. ಬಹಳ ಮಟ್ಟಿಗೆ ಒಳ್ಳೆಯವರೇ. ಆದರೂ ಕಾಗದ ಕೇಳಿ. 2018ರ ಏಪ್ರಿಲ್ 30ರಿಂದ ಒಂಟಾರಿಯೊದ ಹೆಚ್ಚಿನ ಬಾಡಿಗೆ ಮನೆಗಳಿಗೆ ಸರ್ಕಾರದ್ದೇ ಒಂದು ಕರಾರು ಪತ್ರ ಕಡ್ಡಾಯವಾಗಿದೆ. ಕೊಡದಿದ್ದರೆ ಬರೆದು ಕೇಳಿ. 21 ದಿನದೊಳಗೆ ಕೊಡದೇ ಹೋದರೆ ಒಂದು ತಿಂಗಳ ಬಾಡಿಗೆ ತಡೆಹಿಡಿಯಲು ಕಾನೂನೇ ಅವಕಾಶ ಕೊಟ್ಟಿದೆ. ಅಲ್ಲಿಯವರೆಗೆ ಹೋಗುವ ಪ್ರಸಂಗ ನನ್ನ ಕೆಲಸದಲ್ಲಿ ಕಡಿಮೆ. ಫಾರ್ಮ್ ನೀವೇ ಪ್ರಿಂಟ್ ಮಾಡಿಕೊಂಡು ಹೋಗಿ, ಜೊತೆಗೆ ಕೂತು ತುಂಬಿಸಿ. ಹಿಮ ತೆಗೆಯುವವರು ಯಾರು ಅನ್ನೋದು ಅಲ್ಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ.

ನನಗೆ ತುಂಬ ಕಳವಳ ಆಗುವುದು ಒಂದು ಕೋಣೆ ಬಾಡಿಗೆಗೆ ಹಿಡಿಯುವ ವಿದ್ಯಾರ್ಥಿಗಳ ಬಗ್ಗೆ. ಮನೆ ಮಾಲೀಕರ ಜೊತೆ ಅಡುಗೆಮನೆ ಅಥವಾ ಬಚ್ಚಲುಮನೆ ಹಂಚಿಕೊಂಡು ಇರುವವರಿಗೆ ಒಂಟಾರಿಯೊದ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಒಬ್ಬ ಹುಡುಗಿ ಹೀಗೇ ಇದ್ದಳು. ಒಗ್ಗರಣೆ ವಾಸನೆ ಅಂತ ಶುರುವಾದ ಮನಸ್ತಾಪ ಹೋಗಿ ಹೋಗಿ, ಜನವರಿ ನಡುವೆ, ಎರಡು ವಾರದಲ್ಲಿ ಖಾಲಿ ಮಾಡು ಅನ್ನುವಲ್ಲಿಗೆ ಬಂತು. ಬಾಡಿಗೆ ಮಂಡಳಿಗೆ ದೂರು ಕೊಡಲು ದಾರಿ ಇರಲಿಲ್ಲ. ಅವಳಿಗೆ ಬೇರೆ ಕೋಣೆ ಸಿಗುವವರೆಗೆ ನನಗೂ ನಿದ್ದೆ ಬರಲಿಲ್ಲ. ಅಂಥ ಕೋಣೆ ಹಿಡಿಯಲೇಬೇಡಿ ಅಂತಲ್ಲ, ಎಷ್ಟೋ ಅಜ್ಜಿಯರು ಮಗಳ ಹಾಗೆ ನೋಡಿಕೊಂಡಿದ್ದಾರೆ. ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು ಅಂತ ಬರೆಸಿಕೊಂಡು ಇಬ್ಬರೂ ಸಹಿ ಹಾಕಿ.

ಹೊಸಬರಿಗೆ ಕ್ರೆಡಿಟ್ ಹಿಸ್ಟರಿ, ಅಂದ್ರೆ ಸಾಲ ತೀರಿಸಿದ ದಾಖಲೆ, ಇಲ್ಲಿ ಇರಲ್ಲ. ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮನೆ ಕೊಡದೇ ಇರುವ ಹಾಗಿಲ್ಲ. ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಊರಿನ ಹಳೇ ಮಾಲೀಕರಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ತಗೊಂಡು ಹೋಗಿ.

ಮಾಲೀಕರು ಬಾಡಿಗೆ ಏರಿಸಬಹುದಾದದ್ದು 12 ತಿಂಗಳಿಗೆ ಒಂದೇ ಸಲ, ಅದೂ ನಿಮಗೆ 90 ದಿನ ಮುಂಚೆ ಬರೆದು ತಿಳಿಸಿದ ಮೇಲೆ. 2026ಕ್ಕೆ ಮಿತಿ ಶೇ. 2.1. ಆದರೆ 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಮನೆಗಳಿಗೆ ಈ ಮಿತಿ ಇಲ್ಲ. ಮನೆ ಎಷ್ಟು ಹಳೆಯದು ಅಂತ ಮೊದಲೇ ಕೇಳಿ.

ಕೀ ತಗೊಳ್ಳುವ ದಿನ ಕೋಣೆ ಕೋಣೆಯ ಫೋಟೊ ತೆಗೆದು ಮಾಲೀಕರಿಗೂ ಕಳಿಸಿಬಿಡಿ. ಹಾಗೇ, ರಾತ್ರಿ ಎರಡು ಗಂಟೆಗೆ ಮನೆ ಬಿಸಿ ಮಾಡುವ ಫರ್ನೇಸ್ ನಿಂತರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ, ಆ ನಂಬರ್ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.